ಮಡಿಸಿದ ಕಾಗದದ ಇನ್ನರ್ಧ

ಸಮವಸ್ತ್ರ ಹೊಲಿಯುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಕತ್ತರಿ ಅಕ್ಕ ಅಂತ. ಹತ್ತೊಂಬತ್ತನೇ ವಯಸ್ಸಿಗೆ ಗುಂಡಿ ಹೊಲಿಯಲು ಸೇರಿದವಳು ಮೂವತ್ತೆಂಟಕ್ಕೆ ಕಟಿಂಗ್ ಮೇಜಿನ ಒಡತಿಯಾಗಿದ್ದಳು. ಮೇಜು ಅಂದರೆ ಅಂತಿಂಥ ಮೇಜಲ್ಲ, ಒಂದು ಬಸ್ಸಿನಷ್ಟು ಉದ್ದ. ಅದರ ಮೇಲೆ ನಲವತ್ತು ಪದರ ಬಟ್ಟೆ ಹಾಸಿ, ಮೇಲೆ ಕಂದು ಕಾಗದದಲ್ಲಿ ಕತ್ತರಿಸಿದ ಅಳತೆಯ ನಮೂನೆ, ಅಂದರೆ ಪೇಪರ್ ಕಟಿಂಗ್, ಇಟ್ಟು, ಕರೆಂಟಿನ ಕತ್ತರಿಯನ್ನು ಗುರ್ರೆನಿಸಿ ಒಂದೇ ಓಟಕ್ಕೆ ನಲವತ್ತು ತೋಳು ಎಬ್ಬಿಸುವುದು ಅವಳ ಕೆಲಸ. ಆ ಹೊತ್ತಿನಲ್ಲಿ ನಾಲಿಗೆಯ ತುದಿ ಬಾಯಿಯ ಎಡಮೂಲೆಯಿಂದ ಹೊರಗೆ ಇಣುಕುತ್ತಿತ್ತು. ಮನುಷ್ಯರನ್ನು ನೋಡಿದರೂ ಅವಳಿಗೆ ಮೊದಲು ಕಾಣುವುದು ಅಳತೆ. ಈಗ ಗಂಡನಾಗಿರುವ ಬಸ್ ಡ್ರೈವರನ್ನು ಮೊದಲ ಸಲ ಭೇಟಿಯಾಗಿ ಬಂದ ದಿನ ದೊಡ್ಡಕ್ಕ, "ಹೇಗಿದಾನೆ?" ಅಂತ ಕೇಳಿದರೆ, "ಭುಜ ಹದಿನೆಂಟೂವರೆ ಇಂಚು, ಎಡಗಡೆ ಸ್ವಲ್ಪ ಇಳಿಜಾರು" ಅಂದಿದ್ದಳು.

ದೊಡ್ಡಕ್ಕ ಅವಳಿಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು, ಅಂಚೆ ಕಚೇರಿಯಲ್ಲಿ ಪಾರ್ಸೆಲ್ ತೂಗುವ ಕೌಂಟರಿನವಳು. ಅಮ್ಮ ತೀರಿಕೊಂಡಾಗ ಕತ್ತರಿ ಅಕ್ಕನಿಗೆ ಹದಿಮೂರು. ಅಮ್ಮನ ಹೊಟ್ಟೆ ವರ್ಷದಿಂದ ವರ್ಷಕ್ಕೆ ಉಬ್ಬುತ್ತಿತ್ತು. ನೆಂಟರು ನೋಡಿ, "ಕೂತು ತಿಂದರೆ ಇನ್ನೇನಾಗತ್ತೆ" ಅನ್ನುತ್ತಿದ್ದರು. ಅಮ್ಮ ಕೂತದ್ದನ್ನು ಮಕ್ಕಳಿಬ್ಬರೂ ಒಂದು ದಿನವೂ ನೋಡಿರಲಿಲ್ಲ. ಅಮ್ಮ ಹೋದ ಮೇಲೆ ಒಲೆ, ಬಟ್ಟೆ, ತಂಗಿಯ ಜಡೆ, ತಂಗಿಯ ಲೆಕ್ಕದ ಪಾಠ ಎಲ್ಲವೂ ದೊಡ್ಡಕ್ಕನ ಪಾಲಿಗೆ ಬಂದವು. ಹಿಂದೆಯೇ ಅಮ್ಮನ ಕಾಯಿಲೆಯೂ ಬಂತು. ಎರಡೂ ಕಿಡ್ನಿಗಳ ತುಂಬ ನೀರುಗುಳ್ಳೆಗಳು. ಮುಷ್ಟಿಯಷ್ಟಿರಬೇಕಾದ ಕಿಡ್ನಿ ಒಂದೊಂದೂ ಚಿಕ್ಕ ಕಲ್ಲಂಗಡಿ ಹಣ್ಣಿನಷ್ಟಾಗಿತ್ತು. ಬಸ್ಸಿನಲ್ಲಿ ಜನ ಎದ್ದು ಸೀಟು ಕೊಡುತ್ತಿದ್ದರು.

"ಎಷ್ಟನೇ ತಿಂಗಳಮ್ಮ?" ಅಂತ ಒಬ್ಬಾಕೆ ಕೇಳಿದ್ದಕ್ಕೆ ನಲವತ್ತೊಂಬತ್ತರ ದೊಡ್ಡಕ್ಕ ಆರಾಮಾಗಿ ಕೂತು, "ಹದಿನೆಂಟನೇ ವರ್ಷ ನಡೀತಿದೆ. ಅವಳಿ" ಅಂದಿದ್ದಳು.

ನಗುವುದು ನಗುವುದೇ, ಆದರೆ ಆ ಅವಳಿಗಳ ಕೆಲಸ ನೂರಕ್ಕೆ ಹತ್ತಕ್ಕಿಳಿದಿತ್ತು. ಯಂತ್ರಕ್ಕೆ ರಕ್ತ ಹಾಯಿಸುತ್ತ ಬದುಕಬೇಕು, ಇಲ್ಲವೇ ಯಾರಾದರೂ ಒಂದು ಕಿಡ್ನಿ ಕೊಡಬೇಕು ಅಂದರು ಡಾಕ್ಟರು. ಕತ್ತರಿ ಅಕ್ಕ ಅವರ ಮಾತು ಮುಗಿಯುವ ಮೊದಲೇ ಕೈ ಎತ್ತಿದ್ದಳು, ಶಾಲೆಯ ಮೊದಲ ಬೆಂಚಿನ ಹುಡುಗಿಯ ಹಾಗೆ. ರಕ್ತದ ಗುಂಪು ಸೇರಿತು, ಮಿಕ್ಕ ಹೊಂದಾಣಿಕೆಗಳೂ ಸೇರಿದವು. ಸ್ಕ್ಯಾನ್ ಮಾಡಿದಾಗ ಮಾತ್ರ ಅವಳ ಎಡಗಡೆಯ ಕಿಡ್ನಿಯಲ್ಲಿ ಒಂದು ಗುಳ್ಳೆ ಕಂಡಿತು. ಒಂದೇ ಒಂದು, ಶರ್ಟಿನ ಗುಂಡಿಯಷ್ಟು.

"ಸುಮ್ಮನೆ ಬಂದ ಗುಳ್ಳೆಯೂ ಇರಬಹುದು, ನಿಮ್ಮಮ್ಮನ ಕಡೆಯಿಂದ ಬಂದದ್ದೂ ಇರಬಹುದು. ನಿಮ್ಮ ವಯಸ್ಸಿಗೆ ಸ್ಕ್ಯಾನ್ ನಂಬಿ ಹೇಳೋಕಾಗಲ್ಲ. ಜೀನ್ ಪರೀಕ್ಷೆ ಆಗಬೇಕು" ಅಂದರು ಡಾಕ್ಟರು.

ಪರೀಕ್ಷೆಯನ್ನು ಬಿಡಿಸಿ ಹೇಳಲು ಆಸ್ಪತ್ರೆಯಲ್ಲಿ ಒಬ್ಬಳು ಚಿಕ್ಕ ವಯಸ್ಸಿನ ಮೇಡಂ ಇದ್ದಳು. ಜುಟ್ಟಿಗೆ ಪೆನ್ನು ಸಿಕ್ಕಿಸಿಕೊಂಡು ಅದನ್ನೇ ಇಡೀ ಕೋಣೆಯಲ್ಲಿ ಹುಡುಕುವವಳು. ಮನೆತನದ ಕಾಯಿಲೆಗಳ ಬಗ್ಗೆ ಹೇಳುವವಳಾದ್ದರಿಂದ ದೊಡ್ಡಕ್ಕ ಅವಳಿಗೆ ವಂಶದ ಮೇಡಂ ಅಂತ ಹೆಸರಿಟ್ಟಳು. ವಂಶದ ಮೇಡಂ ಕಾಗದದ ಮೇಲೆ ಒಂದು ಕೊಳವೆ ಬರೆದಳು. ಕೊಳವೆಯ ಒಳಗೋಡೆಯ ತುಂಬ ಇಟ್ಟಿಗೆಗಳು, ಪ್ರತಿ ಇಟ್ಟಿಗೆಯ ಮೇಲೂ ಒಂದು ಕೂದಲು.

"ಕಿಡ್ನಿ ಅಂದ್ರೆ ಇಂಥ ಲಕ್ಷಾಂತರ ಸಣ್ಣ ಕೊಳವೆಗಳು. ಗೋಡೆಯ ಪ್ರತಿ ಜೀವಕೋಶಕ್ಕೂ ಒಂದೇ ಒಂದು ಕೂದಲು, ನೀರು ಹರಿಯೋ ಕಡೆ ಚಾಚಿರತ್ತೆ. ಆ ಕೂದಲಲ್ಲಿ ಎರಡು ಪ್ರೋಟೀನು ಕೈಕೈ ಹಿಡಿದು ನಿಂತಿರತ್ತವೆ. ಒಂದು ಭಾರಿ ದೊಡ್ಡದು, ಒಂದು ಚಿಕ್ಕದು."

"ನಮ್ಮ ಹಾಗೆ" ಅಂದಳು ದೊಡ್ಡಕ್ಕ, ಹೊಟ್ಟೆ ತಟ್ಟಿಕೊಂಡು.

"ದೊಡ್ಡದು ಸುದ್ದಿ ಹಿಡಿಯತ್ತೆ, ಚಿಕ್ಕದು ಬಾಗಿಲು ತೆಗೆಯತ್ತೆ. ಬಾಗಿಲಿಂದ ಒಂಚೂರು ಕ್ಯಾಲ್ಸಿಯಂ ಒಳಗೆ ಬರತ್ತೆ. ಆಗ ಕೋಶಕ್ಕೆ ಗೊತ್ತಾಗತ್ತೆ, ನಾನು ಗೋಡೆ, ನಾನು ಬೆಳೀಬಾರದು, ಸುಮ್ಮನೆ ನಿಲ್ಲಬೇಕು ಅಂತ. ಆ ಕೂದಲು ನೀರಿನ ಹರಿವನ್ನೇ ಅಳೆಯತ್ತೋ, ಬೇರೇನನ್ನೋ ಅನ್ನೋದರ ಬಗ್ಗೆ ವಿಜ್ಞಾನಿಗಳು ಇನ್ನೂ ಕಿತ್ತಾಡ್ತಿದ್ದಾರೆ. ಆದ್ರೆ ಆ ಜೋಡಿ ಕೆಟ್ಟರೆ ಏನಾಗತ್ತೆ ಅಂತ ಗೊತ್ತು. ಕೋಶದ ಒಳಗೆ ಸೈಕ್ಲಿಕ್ ಎಎಂಪಿ ಅಂತ ಒಬ್ಬ ಮೇಸ್ತ್ರಿ ಇದಾನೆ ಅಂದ್ಕೊಳ್ಳಿ. ಕ್ಯಾಲ್ಸಿಯಂ ಕಡಿಮೆಯಾದ್ರೆ ಅವನ ಕೂಗಾಟ ಜಾಸ್ತಿ. ಬೆಳಿ, ಇಬ್ಭಾಗವಾಗು, ನೀರು ಸುರಿ, ಇನ್ನೂ ಸುರಿ! ಗೋಡೆ ಉಬ್ಬಿ ಚೀಲ ಆಗತ್ತೆ, ಚೀಲ ಕೊಳವೆಯಿಂದ ಕಳಚಿಕೊಂಡು ಗುಳ್ಳೆ ಆಗತ್ತೆ. ಹಾಗೆ ಸಾವಿರಾರು."

ಕತ್ತರಿ ಅಕ್ಕ ಚಿತ್ರವನ್ನೇ ನೋಡುತ್ತಿದ್ದಳು. "ಅಮ್ಮನಿಂದ ಬಂದ ಜೀನಿನ ತಪ್ಪು ಎಲ್ಲ ಕೋಶದಲ್ಲೂ ಇರತ್ತೆ ತಾನೆ? ಮತ್ತೆ ಎಲ್ಲ ಕೊಳವೇನೂ ಯಾಕೆ ಉಬ್ಬಲ್ಲ?"

ವಂಶದ ಮೇಡಂ ಪೆನ್ನು ಕೆಳಗಿಟ್ಟಳು. "ಈ ಪ್ರಶ್ನೆಗೆ ಉತ್ತರ ಸಿಗೋಕೆ ಎಷ್ಟೋ ವರ್ಷ ಹಿಡೀತು. ಪ್ರತಿ ಕೋಶದಲ್ಲೂ ಈ ಪ್ರೋಟೀನು ಮಾಡೋ ಜೀನಿನ ಎರಡು ಪ್ರತಿ ಇರತ್ತೆ. ಅಮ್ಮನದು ಒಂದು, ಅಪ್ಪನದು ಒಂದು. ಅಮ್ಮನದು ಕೆಟ್ಟಿದ್ರೂ ಅಪ್ಪನದು ಕೆಲಸ ನಡೆಸ್ಕೊಂಡು ಹೋಗತ್ತೆ. ಯಾವುದೋ ಒಂದು ಕೋಶದಲ್ಲಿ ಆ ಇನ್ನೊಂದೂ ಕೈಕೊಟ್ಟಾಗ ಅಲ್ಲಿ ಗುಳ್ಳೆ ಶುರು."

"ಪರೀಕ್ಷೆಗೆ ಐದು ವಾರ ಬೇಕು ಅಂದ್ರಲ್ಲ, ಯಾಕೆ?"

"ಈ ಜೀನಿನ ಪಕ್ಕದಲ್ಲೇ ಇದರ ತದ್ರೂಪದ ಆರು ಹಳೇ ನಕಲು ಬಿದ್ದಿವೆ. ಕೆಲಸಕ್ಕೆ ಬರದವು. ಓದೋರಿಗೆ ಯಾವುದು ಅಸಲಿ ಅಂತ ಗೊಂದಲ."

ಕತ್ತರಿ ಅಕ್ಕ ಮೇಜು ಗುದ್ದಿ ನಕ್ಕಳು. "ನಮ್ಮ ಡ್ರಾಯರ್ ಹಾಗೇ! ಒಂದು ಕೋಟಿನ ಪೇಪರ್ ಕಟಿಂಗ್ ಹುಡುಕಿದ್ರೆ ಆರು ಹಳೇ ಕರಡು ಸಿಗತ್ತೆ. ಎಸೆಯೋಕೆ ಯಾರಿಗೂ ಮನಸ್ಸು ಬರಲ್ಲ. ಹೊಸಬರು ಕರಡನ್ನೇ ಇಟ್ಟು ಕತ್ತರಿಸಿಬಿಡ್ತಾರೆ. ಐದು ವಾರ ತಗೊಳ್ಳಿ ಮೇಡಂ, ಆದ್ರೆ ಸರಿಯಾದ್ದನ್ನ ಓದಿ."

ಪರೀಕ್ಷೆ ಅಂದರೆ ಇಷ್ಟೇ. ದೊಡ್ಡಕ್ಕನಲ್ಲಿ ಯಾವ ಜಾಗದಲ್ಲಿ ತಪ್ಪಿದೆ ಅಂತ ಮೊದಲು ಪತ್ತೆ ಮಾಡಿ, ಆಮೇಲೆ ತಂಗಿಯಲ್ಲಿ ಅದೇ ಜಾಗ ನೋಡುವುದು. ತಪ್ಪು ಇರುವುದು, ಇಲ್ಲದಿರುವುದು ಅರ್ಧಕ್ಕರ್ಧ. ಇದ್ದರೆ ಕಿಡ್ನಿ ಕೊಡುವ ಮಾತೇ ಇಲ್ಲ, ಅವಳೇ ಇನ್ನೊಬ್ಬ ರೋಗಿ, ಹನ್ನೆರಡು ವರ್ಷದ ಮಗಳ ಬಗ್ಗೆಯೂ ಇದೇ ಲೆಕ್ಕ ಮೊದಲಿಂದ. ಇಲ್ಲದಿದ್ದರೆ ಅಕ್ಕನಿಗೆ ಕಿಡ್ನಿ.

ಕತ್ತರಿ ಅಕ್ಕ ತನ್ನಲ್ಲಿ ತಪ್ಪಿಲ್ಲ ಅಂತಲೇ ತೀರ್ಮಾನಿಸಿ ತಯಾರಿಗೆ ತೊಡಗಿದಳು. ದಿನಾ ಬೆಳಿಗ್ಗೆ ಬಚ್ಚಲಿನ ಬಾಗಿಲು ಹಾಕಿಕೊಂಡು ಟೇಪಿನಲ್ಲಿ ಹೊಟ್ಟೆ ಅಳೆದುಕೊಳ್ಳುತ್ತಿದ್ದುದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಇಪ್ಪತ್ತೊಂಬತ್ತೂವರೆ. ಮರುದಿನವೂ ಇಪ್ಪತ್ತೊಂಬತ್ತೂವರೆ. ಒಂದು ದಿನ ಇಪ್ಪತ್ತೊಂಬತ್ತೂಮುಕ್ಕಾಲು ಬಂದಾಗ ಬಾಗಿಲಿಗೆ ಒರಗಿ ನಿಂತುಬಿಟ್ಟಳು. ಹಿಂದಿನ ದಿನ ದೊಡ್ಡಕ್ಕನ ಮನೆಯಲ್ಲಿ ಎರಡು ಸಲ ಬಡಿಸಿಕೊಂಡದ್ದು ನೆನಪಾದ ಮೇಲೇ ಉಸಿರು ಬಂದದ್ದು.

ಮನೆಯಲ್ಲಿ ವಿಷಯ ಹೇಳಿದಾಗ ಗಂಡ, "ಖಂಡಿತ ಕೊಡು. ನಿನ್ನ ಬೆಳೆಸಿದವಳು" ಅಂದ. ಚಹಾ ಮುಗಿಸಿ ಲೋಟ ಇಟ್ಟ ಮೇಲೆ, "ಆಮೇಲೆ ಎಷ್ಟು ದಿನ ರಜಾ?" ಅಂದ.

"ಆರು ವಾರ ಭಾರ ಎತ್ತೋ ಹಾಗಿಲ್ಲ. ತುಂಬಿದ ಬಕೆಟ್ಟೂ ಇಲ್ಲ, ಒದ್ದೆ ಬಟ್ಟೇನೂ ಇಲ್ಲ."

"ಆರು ವಾರ..." ಗಂಡ ಅಡುಗೆಮನೆಯ ಕಡೆ ನೋಡಿದ, ಗೊತ್ತಿಲ್ಲದ ಊರಿನ ರಸ್ತೆ ನೋಡಿದ ಹಾಗೆ.

"ಈ ಮನೆ ನಡೆಯೋದು ಹೇಗೆ?" ಅಂದರು ಅತ್ತೆ. ಮೊಣಕಾಲು ನೋವಿನಿಂದ ಎರಡು ವರ್ಷವಾಯಿತು ಅವರು ಒಲೆಯ ಮುಂದೆ ನಿಂತು.

"ಅಮ್ಮಾ, ನನ್ನ ಸಾಕ್ಸು?" ಅಂದಳು ಮಗಳು.

"ನೋಡಿ" ಅಂದಳು ಕತ್ತರಿ ಅಕ್ಕ, "ಮೈ ಕೊಯ್ಸಿ ಕಿಡ್ನಿ ತೆಗೆಸ್ಕೋತೀನಿ ಅಂದ್ರೆ ಯಾರದ್ದೂ ತಕರಾರಿಲ್ಲ. ಸಾಕ್ಸಿಗೆ ತಕರಾರು!"

ನಗು ಬಂತು ನಿಜ. ಆದರೆ ಪ್ರಶ್ನೆಯೂ ನಿಜವೇ. ಅವಳು ಕಾರ್ಖಾನೆಯಿಂದ ಹಳೆಯ ಕಂದು ಕಾಗದದ ಸುರುಳಿ ತಂದಳು. ಒಂದು ಕೋಟನ್ನು ಇಪ್ಪತ್ತಮೂರು ತುಂಡಾಗಿ ಬಿಡಿಸಬಲ್ಲವಳಿಗೆ ಒಂದು ದಿನದ ಮನೆಗೆಲಸ ಯಾವ ಲೆಕ್ಕ? ಒಂದೊಂದು ಕೆಲಸಕ್ಕೆ ಒಂದೊಂದು ಕಾಗದ ಕತ್ತರಿಸಿ, ಮೇಲೆ ಹೊತ್ತು ಬರೆದು, ಜೊತೆಜೊತೆಗೆ ಮಾಡಬೇಕಾದ ಕೆಲಸಗಳಿಗೆ ಅಂಚಿನಲ್ಲಿ ಕಚ್ಚು ಹಾಕಿ, ತೂತು ಮಾಡಿ ಅಡುಗೆಮನೆಯ ಗೋಡೆಯ ಮೊಳೆಗಳಿಗೆ ನೇತುಹಾಕಿದಳು. ಹತ್ತಿಪ್ಪತ್ತಾದೀತು ಅಂದುಕೊಂಡಿದ್ದಳು. ತೊಂಬತ್ತೊಂದಾಯಿತು. ಮೊಳೆ ಸಾಲದೆ ಕಿಟಕಿಯ ಸರಳಿಗೂ ಸಿಕ್ಕಿಸಿದಳು. ಗಾಳಿ ಬಂದಾಗ ಇಡೀ ಅಡುಗೆಮನೆ ಸರಸರ ಅನ್ನುತ್ತಿತ್ತು.

"ಇಷ್ಟೆಲ್ಲ ನೀನು ದಿನಾ ಮಾಡ್ತೀಯಾ?" ಗಂಡ ಕೇಳಿದ.

"ಇಲ್ಲಪ್ಪ, ಅವೇ ಆಗ್ತವೆ" ಅಂದಳು.

ಮೂರನೆಯ ಭಾನುವಾರ ಮನೆಯವರಿಗೆ ಪರೀಕ್ಷೆ ಇಟ್ಟಳು. ಬೆಳಿಗ್ಗೆ ಏಳಕ್ಕೆ ಕತ್ತರಿ ಅಕ್ಕ ಚಪ್ಪಲಿ ಮೆಟ್ಟಿ, "ನಾನು ಇಲ್ಲ ಅಂದ್ಕೊಳ್ಳಿ. ಎಲ್ಲ ಕಾಗದದಲ್ಲಿದೆ" ಅಂತ ದೊಡ್ಡಕ್ಕನ ಮನೆಗೆ ಹೋದಳು. ಅಲ್ಲಿ ಇಬ್ಬರೂ ಸೋಫಾದ ಮೇಲೆ ಕಾಲು ಚಾಚಿ, ಬಟ್ಟಲಲ್ಲಿ ಸೇಬು ಹೆಚ್ಚಿಟ್ಟುಕೊಂಡು, ಆಪರೇಷನ್ ಆದ ಮೇಲೆ ಏನೇನು ಮಾಡುವುದು ಅಂತ ಹಗಲಿಡೀ ಯೋಜನೆ ಹಾಕಿದರು. ದೊಡ್ಡಕ್ಕನಿಗೆ ಈಜು ಕಲಿಯಬೇಕಂತೆ. "ಇಷ್ಟು ವರ್ಷ ನೀರು ನನ್ನೊಳಗಿತ್ತು. ಇನ್ನು ನಾನು ನೀರೊಳಗೆ."

ಸಂಜೆ ಆರಕ್ಕೆ ಕತ್ತರಿ ಅಕ್ಕ ಬಾಗಿಲು ತೆಗೆದಾಗ ಸುಟ್ಟ ವಾಸನೆ. ನಾಲ್ಕು ಕೋಣೆಗಳಲ್ಲಿ ನಾಲ್ಕು ಕಸದ ಗುಡ್ಡೆ, ಒಂದೊಂದೂ ಅಚ್ಚುಕಟ್ಟು. ಬೆಳಿಗ್ಗೆ ಒಗೆದ ಹಾಸಿಗೆ ಬಟ್ಟೆ ಯಂತ್ರದಲ್ಲೇ ಮುದುಡಿ ಮುಗ್ಗಲು ಹಿಡಿದಿತ್ತು. ಪಾತ್ರೆಗಳೆಲ್ಲ ಸೋಪು ಮೆತ್ತಿಕೊಂಡು ಸಾಲಾಗಿ ಒಣಗಿದ್ದವು. ಆಲೂಗಡ್ಡೆ ಇದ್ದಿಲಾಗಿತ್ತು. ಬಚ್ಚಲಿನಿಂದ ನೀರು ಹೊಸ್ತಿಲು ದಾಟಿ ಹಜಾರಕ್ಕೆ ಬಂದಿತ್ತು. ಪ್ಯಾಂಟು ಮಡಿಸಿಕೊಂಡು ನೀರು ಬಳಿಯುತ್ತಿದ್ದ ಗಂಡ ನೆಟ್ಟಗೆ ನಿಂತು, "ಬರೆದಷ್ಟೂ ಮಾಡಿದೀನಿ. ಒಂದಕ್ಷರ ಬಿಟ್ಟಿಲ್ಲ. ನೋಡು" ಅಂತ ಕಾಗದಗಳನ್ನು ಮುಂದೆ ಹಿಡಿದ.

'ಕಸ ಗುಡಿಸಿ.' ಗುಡಿಸಿದ್ದ. 'ಪಾತ್ರೆಗೆ ಸೋಪು ಹಚ್ಚಿ.' ಹಚ್ಚಿದ್ದ. 'ಬಕೆಟ್ ಇಟ್ಟು ನಲ್ಲಿ ಬಿಡಿ.' ಬಿಟ್ಟಿದ್ದ.

"ನಿಲ್ಲಿಸೋದು?"

"ನಿಲ್ಲಿಸಿ ಅಂತ ಎಲ್ಲಿ ಬರೆದಿದೀಯ?"

ಅವಳು ಕಾಗದ ತಿರುಗಿಸಿ ನೋಡಿದಳು. ಬಲಗಡೆಯ ಅಂಚಿನ ಉದ್ದಕ್ಕೂ ಚುಕ್ಕಿ ಗೆರೆ. ಎಲ್ಲದರಲ್ಲೂ, ತೊಂಬತ್ತೊಂದರಲ್ಲೂ. ಕಾರ್ಖಾನೆಯಲ್ಲಿ ಕೋಟಿನ ಬೆನ್ನಿಗೆ ಯಾರೂ ಪೂರ್ತಿ ಕಾಗದ ಕತ್ತರಿಸುವುದಿಲ್ಲ. ಎಡಕ್ಕಿರುವುದೇ ಬಲಕ್ಕಿರುತ್ತದಲ್ಲ. ಅರ್ಧ ಬರೆದು, ಅಂಚಿಗೆ ಚುಕ್ಕಿ ಗೆರೆ ಎಳೆದರೆ 'ಇಲ್ಲಿ ಬಟ್ಟೆ ಮಡಿಸಿದೆ, ಇನ್ನರ್ಧ ಒಳಗಿದೆ' ಅಂತ ಅರ್ಥ. ಹತ್ತೊಂಬತ್ತು ವರ್ಷದ ಕೈ ಮನೆಗೆಲಸವನ್ನೂ ಹಾಗೇ ಬರೆದಿತ್ತು. ಇನ್ನರ್ಧ ಯಾರಿಗಾದರೂ ಗೊತ್ತಿರಲೇಬೇಕಲ್ಲ ಅಂತ.

ಅವಳಿಗೆ ನಗು ಎಲ್ಲಿಂದ ಬಂತೋ, ಬಚ್ಚಲಿನ ಹೊಸ್ತಿಲ ಮೇಲೆ ನೀರಿನಲ್ಲೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಗಂಡನೂ ನಕ್ಕ, ಯಾಕೆ ಅಂತ ಗೊತ್ತಿಲ್ಲದೆ. ಮಗಳು ನೀರಿನಲ್ಲಿ ಕುಣಿದಳು, ಸಾಕ್ಸಿನ ಸಮೇತ.

"ಅತ್ತೆ, ನೀವು ಇಲ್ಲೇ ಇದ್ರಲ್ಲ! ಒಂದು ಮಾತು ಹೇಳಬಾರದಿತ್ತಾ?"

ಅತ್ತೆ ಕುರ್ಚಿಯ ಮೇಲೆ ಕಾಲು ಎತ್ತಿಟ್ಟುಕೊಂಡು ಬೆಳಿಗ್ಗೆಯಿಂದ ಎಲ್ಲವನ್ನೂ ನೋಡಿದ್ದರು. "ಪರೀಕ್ಷೆ ಅಂದಿದ್ದೆಯಲ್ಲ? ಪರೀಕ್ಷೇಲಿ ಹೇಳಿಕೊಡಬಾರದು" ಅಂದರು. ಆಮೇಲೆ ಕೈ ಚಾಚಿದರು. "ಪೆನ್ಸಿಲ್ ಕೊಡು ಇಲ್ಲಿ."

ಅರ್ಧ ಬರೆದ ಕಾಗದಗಳನ್ನು ಓದಬಲ್ಲವರು ಆ ಮನೆಯಲ್ಲಿ ಇನ್ನೊಬ್ಬರಿದ್ದರು. ಕತ್ತರಿ ಅಕ್ಕ ಪ್ರತಿ ಕಾಗದದ ಚುಕ್ಕಿ ಗೆರೆಗೆ ಅಷ್ಟೇ ಅಗಲದ ಇನ್ನೊಂದು ಕಾಗದ ಅಂಟಿಸಿದಳು, ಅತ್ತೆ ಬರೆದರು. ಐವತ್ತು ವರ್ಷದಿಂದ ಯಾರೂ ಕೇಳದ ವಿದ್ಯೆ ಪುಂಖಾನುಪುಂಖವಾಗಿ ಬಂತು. 'ಗುಡ್ಡೆಯನ್ನು ಎತ್ತು. ಡಬ್ಬಿಗೆ ಹಾಕು. ಡಬ್ಬಿ ತುಂಬಿದ್ದರೆ ಹೊರಗಿಟ್ಟು ಬಾ. ಪೊರಕೆಯನ್ನು ಇದ್ದಲ್ಲೇ ಇಡು. ಆಲೂಗಡ್ಡೆಯ ಹತ್ತಿರವೇ ಇರು, ಟೀವಿಯ ಹತ್ತಿರವಲ್ಲ.' ಬರೆಯುತ್ತ ಅವರ ಕೆನ್ನೆ ಕೆಂಪಾಗಿ, ಹತ್ತು ವರ್ಷ ಇಳಿದ ಹಾಗಿತ್ತು.

ಅಂಟು ಒಣಗುವ ತನಕ ಕತ್ತರಿ ಅಕ್ಕ ಕೋಶ, ಕೂದಲು, ಮೇಸ್ತ್ರಿ ಎಲ್ಲದರ ಕತೆ ಹೇಳಿದಳು. ಅತ್ತೆ ಪೆನ್ಸಿಲ್ ನಿಲ್ಲಿಸಿ ಕೇಳಿದರು.

"ಅಂದ್ರೆ, ಸಾಕು ನಿಲ್ಲಿಸು ಅನ್ನೋ ಮಾತು ಅದರ ಕಿವಿಗೆ ಬೀಳಲ್ಲ. ಅದಕ್ಕೇ ಮಾಡ್ತಾನೇ ಇರತ್ತೆ, ಸುರೀತಾನೇ ಇರತ್ತೆ."

"ಹೂಂ ಅತ್ತೆ."

"ಪಾಪ" ಅಂದರು ಅತ್ತೆ. "ನನ್ನ ಮೊಣಕಾಲೂ ಹಾಗೇ ಹೋಯ್ತು. ಯಾರೂ ಸಾಕು ಅನ್ನಲಿಲ್ಲ." ಪೆನ್ಸಿಲ್ ಮತ್ತೆ ಕಾಗದಕ್ಕೆ ಹಚ್ಚುತ್ತ, "ನಿಂಗೆ ಆ ತಪ್ಪು ಬಂದಿರಲ್ಲ ಬಿಡು" ಅಂದರು. ಆ ಮಾತಿಗೆ ಯಾವ ಆಧಾರವೂ ಇರಲಿಲ್ಲ. ಕತ್ತರಿ ಅಕ್ಕ ಮರುದಿನ ಬೆಳಿಗ್ಗೆ ಹೊಟ್ಟೆ ಅಳೆಯದೆ ಕೆಲಸಕ್ಕೆ ಹೋದಳು.

ಫೋನು ಬಂದದ್ದು ಐದನೆಯ ವಾರದ ಗುರುವಾರ, ನರ್ಸುಗಳ ಕೋಟು ಕತ್ತರಿಸುತ್ತಿದ್ದಾಗ. ನಲವತ್ತು ಪದರದ ನಡುವೆ ಕತ್ತರಿ ಗುರ್ರೆನ್ನುತ್ತಿತ್ತು. ಅಷ್ಟು ವರ್ಷದಲ್ಲಿ ಮೊದಲ ಸಲ ಅವಳು ಒಂದು ತೋಳಿನ ಅರ್ಧಕ್ಕೆ ಯಂತ್ರ ನಿಲ್ಲಿಸಿದಳು.

"ಕೂತಿದೀರಾ?" ವಂಶದ ಮೇಡಂ ಕೇಳಿದಳು.

"ಕತ್ತರಿಸೋರು ಕೂರಲ್ಲ. ಹೇಳಿ."

"ಫೋನಲ್ಲಿ ಹೇಳೋ ಹಾಗಿಲ್ಲ. ಅಕ್ಕನ್ನೂ ಕರ್ಕೊಂಡು ಬನ್ನಿ."

ದೊಡ್ಡಕ್ಕ ಅಂಚೆ ಕಚೇರಿಯಿಂದ ನೇರವಾಗಿ ಬಂದಳು, ಬೆರಳಿಗೆ ಶಾಯಿ ಮೆತ್ತಿಕೊಂಡೇ. ಆಸ್ಪತ್ರೆಯ ಕೋಣೆಯಲ್ಲಿ ಅಕ್ಕತಂಗಿಯರು ಒಂದೇ ಕುರ್ಚಿಯಲ್ಲಿರುವ ಹಾಗೆ ಅಂಟಿಕೊಂಡು ಕೂತರು. ಕತ್ತರಿ ಅಕ್ಕನ ಕೊರಳಲ್ಲಿ ಟೇಪು ಇನ್ನೂ ನೇತಾಡುತ್ತಿತ್ತು. ಅದರ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಸುತ್ತುತ್ತ ಇದ್ದಳು. ವಂಶದ ಮೇಡಂ ಪೆನ್ನು ಹುಡುಕಿದಳು. "ಜುಟ್ಟಲ್ಲಿದೆ!" ಅಂತ ಇಬ್ಬರೂ ಒಟ್ಟಿಗೆ ಚೀರಿದರು.

"ಅಕ್ಕನಲ್ಲಿ ತಪ್ಪು ದೊಡ್ಡ ಪ್ರೋಟೀನಿನ ಜೀನಲ್ಲಿದೆ. ಮಧ್ಯದಲ್ಲೇ ಕತ್ತರಿಸಿ ಹೋಗಿದೆ, ಅರ್ಧ ಪ್ರೋಟೀನು ಮಾತ್ರ ತಯಾರಾಗತ್ತೆ. ಅದೇ ಜಾಗವನ್ನ ನಿಮ್ಮಲ್ಲಿ ಎರಡು ಬೇರೆ ಬೇರೆ ವಿಧಾನದಲ್ಲಿ ಓದಿದ್ವಿ. ಅಸಲಿ ಪ್ರತಿಯನ್ನೇ, ಹೆದರಬೇಡಿ." ಅವಳು ನಕ್ಕಳು. "ನಿಮ್ಮಲ್ಲಿ ಆ ತಪ್ಪು ಇಲ್ಲ. ಆ ಗುಳ್ಳೆ ಸುಮ್ಮನೆ ಬಂದದ್ದು, ನರೆಕೂದಲು ಬರೋ ಹಾಗೆ."

ಕತ್ತರಿ ಅಕ್ಕ ಟೇಪಿನ ತುದಿಯನ್ನು ಬಿಟ್ಟಳು.

"ಇಲ್ಲ ಅಂದ್ರೆ... ಇವಳ ಮಗಳಿಗೆ?" ದೊಡ್ಡಕ್ಕ ಕೇಳಿದಳು.

"ತಮ್ಮ ಹತ್ರ ಇಲ್ಲದ್ದನ್ನ ಅವರು ಹೇಗೆ ಕೊಡ್ತಾರೆ? ಮಗಳಿಗೂ ಇಲ್ಲ."

ಆಗ ಆ ಕಾರಿಡಾರಿನಲ್ಲಿ ನಡೆದದ್ದನ್ನು ಅಲ್ಲಿನ ಆಯಾಗಳು ಇವತ್ತಿಗೂ ಹೇಳುತ್ತಾರೆ. ತುಂಬು ಬಸುರಿಯ ಹೊಟ್ಟೆಯ ಒಬ್ಬಾಕೆ, ಕೊರಳಲ್ಲಿ ಟೇಪು ಹಾಕಿಕೊಂಡ ಇನ್ನೊಬ್ಬಾಕೆ, ಇಬ್ಬರೂ ಕೈ ಹಿಡಿದು ಗಿರಗಿರ ಸುತ್ತುತ್ತಿದ್ದಾರೆ. "ನಂಗಿಲ್ಲ! ನಂಗಿಲ್ಲ!" ಅಂತ ಒಬ್ಬಳು. "ಅವಳಿಗಿಲ್ಲ, ನಂಗಿದೆ!" ಅಂತ ಇನ್ನೊಬ್ಬಳು, ಅಷ್ಟೇ ಸಂತೋಷದಿಂದ. ಗಾಲಿಕುರ್ಚಿಯ ಮುದುಕರೊಬ್ಬರು ಏನೂ ತಿಳಿಯದೆ ಚಪ್ಪಾಳೆ ತಟ್ಟಿದರು. ಸುತ್ತಿ ಸುತ್ತಿ ತಲೆ ತಿರುಗಿ ಇಬ್ಬರೂ ಗೋಡೆಗೆ ಒರಗಿದಾಗ ದೊಡ್ಡಕ್ಕನ ಮುಖ ಒದ್ದೆಯಾಗಿತ್ತು.

"ಲೇ, ಇಪ್ಪತ್ತೈದು ವರ್ಷ ಕಣೇ. ನಿನ್ನ ಜಡೆ ಹಾಕೋವಾಗೆಲ್ಲ ನೆನಸ್ಕೋತಿದ್ದೆ, ಇದಕ್ಕೂ ಬಂದಿದ್ರೆ ಅಂತ."

"ನೆನಸ್ಕೊಂಡು ಎಳೀತಿದ್ಯಲ್ಲ ಜಡೇನ, ತಲೆ ಇನ್ನೂ ನೋಯ್ತಿದೆ" ಅಂದಳು ಕತ್ತರಿ ಅಕ್ಕ. ಮತ್ತೆ ನಗು ಶುರುವಾಯಿತು.

ಆಪರೇಷನ್ನಿನ ಮೂರನೆಯ ದಿನ ಕತ್ತರಿ ಅಕ್ಕ ಹಾಸಿಗೆಯಲ್ಲಿ ಒರಗಿ ಕೂತಿದ್ದಳು. ನಕ್ಕರೆ ಹೊಲಿಗೆ ಎಳೆಯುತ್ತಿತ್ತು, ಹಾಗಾಗಿ ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು ನಗುವುದನ್ನು ನರ್ಸಿನಿಂದ ಕಲಿತಿದ್ದಳು. ಮನೆಯಿಂದ ಫೋನು. ಗಂಡನ ದನಿ ಬಸ್ಸಿನ ಹಾರ್ನಿನಷ್ಟು ಜೋರು. "ಇವಳೇ, ಇವತ್ತು ಹಾಸಿಗೆ ಬಟ್ಟೆ ಒಣಗಿ, ಮಡಿಸಿ, ಬೀರು ಒಳಗೆ ಹೋಯ್ತು! ಕಾಗದದ ಎರಡೂ ಕಡೆ!" ಹಿಂದಿನಿಂದ ಅತ್ತೆ ಕೂಗುತ್ತಿದ್ದರು. "ಫೋನು ಆಮೇಲೆ, ಮೊಟ್ಟೆಯ ಹತ್ರ ನಿಲ್ಲು! ಇನ್ನರ್ಧ ಓದು!"

"ಸಾಕು ಅನ್ನೋದು ಕಲಿತ್ರಾ?" ಅವಳು ಕೇಳಿದಳು.

"ಕಲೀತಾ ಇದೀನಿ. ನಿನ್ನೆ ಹಾಲು ಉಕ್ಕೋಕೆ ಮುಂಚೆ ನಿಲ್ಲಿಸಿದೆ. ಅಮ್ಮ ಸರಿ ಅಂತ ತಲೆ ಆಡಿಸಿದ್ರು."

ಫೋನಿಟ್ಟ ಮೇಲೆ ದೊಡ್ಡಕ್ಕನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದರು. ಹಳೆಯ ಎರಡು ಕಿಡ್ನಿಗಳನ್ನು ತೆಗೆದಿರಲಿಲ್ಲ, ಹೊಸದನ್ನು ಹೊಟ್ಟೆಯ ಕೆಳಗೆ ಬಲಗಡೆ ಕೂರಿಸಿದ್ದರು. "ಈಗ ನನ್ನ ಹತ್ರ ಮೂರು" ಅಂದಳು. "ಯಾರಿಗಾದ್ರೂ ಬೇಕಾ ಅಂತ ಕೇಳ್ತಾ ಬಂದೆ. ಹಳೇವು ಯಾರಿಗೂ ಬೇಡವಂತೆ." ಮುಖಕ್ಕೆ ಬಣ್ಣ ಬಂದಿತ್ತು. ತುಟಿಗಳು ಗುಲಾಬಿಯಾಗಿದ್ದವು. ಆ ತುಟಿಗಳು ಯಾವ ಬಣ್ಣದವು ಅಂತ ತಂಗಿಗೆ ಮರೆತೇಹೋಗಿತ್ತು.

"ಹೇಗಿದೆ ನಂದು?" ಕತ್ತರಿ ಅಕ್ಕ ಕೇಳಿದಳು.

"ಅಯ್ಯೋ ಅದರ ಕತೆ ಕೇಳ್ತೀಯಾ! ಬಂದ ಗಳಿಗೆಯಿಂದ ಕೂತೇ ಇಲ್ಲ ಕಣೇ. ಆಪರೇಷನ್ ಮೇಜಿನ ಮೇಲೇ ಕೆಲಸ ಶುರು ಮಾಡ್ತಂತೆ, ಡಾಕ್ಟರು ಇನ್ನೂ ಹೊಲಿಗೆ ಹಾಕ್ತಿರೋವಾಗಲೇ. ಗಂಟೆಗೊಂದು ಸಲ ನರ್ಸು ಮೂತ್ರದ ಚೀಲ ಅಳೆದು ಅಳೆದು ಸುಸ್ತಾದಳು. ಹೊಸ ಮನೆ, ಹೊಸ ಜಾಗ, ಒಂದಿನ ಸುಧಾರಿಸ್ಕೊಳ್ಳೋಣ ಅನ್ನೋದಿಲ್ಲ. ಥೇಟ್ ನಿನ್ನ ಹಾಗೇ."

ಕತ್ತರಿ ಅಕ್ಕ ದಿಂಬು ಒತ್ತಿಕೊಂಡಳು. "ಅದಕ್ಕೆ ಆಗಾಗ ಸಾಕು ಅಂತ ಹೇಳ್ತಿರು."

"ಹೇಳಿದೆ. ಅದರ ಕಿವಿಗೆ ಬೀಳತ್ತಂತೆ, ಕೂದಲು ಸರಿ ಇದೆ" ಅಂದಳು ದೊಡ್ಡಕ್ಕ. ಅಷ್ಟೇ ಗಂಭೀರವಾಗಿ ತನ್ನ ಹೊಟ್ಟೆಯ ಬಲಮೂಲೆಯನ್ನು ಮೆಲ್ಲಗೆ ತಟ್ಟಿದಳು, ಹಿಂದೊಮ್ಮೆ ಹದಿಮೂರು ವರ್ಷದ ತಂಗಿಯ ಜಡೆ ಮುಗಿಸಿ ತಲೆ ತಟ್ಟುತ್ತಿದ್ದ ಹಾಗೆ.